ಹುಚ್ಚಯ್ಯ ಹಿಂದಿರುಗಿಸಿದ ಪತ್ರ

೮-೭-೧೯೫೮, ಮಂಗಳವಾರ

ನಮ್ಮ ಲ್ಯಾಬಿನ ಅಟೆಂಡರ್ ಹುಚ್ಚಯ್ಯ ಇವತ್ತು ನಾನು ಬರೆದುಕೊಟ್ಟ ಶಿಫಾರಸು ಪತ್ರವನ್ನು ಹಾಗೇ ತಂದು ನನ್ನ ಮೇಜಿನ ಮೇಲಿಟ್ಟ. ಇದುವರೆಗೆ ಶಾಲೆಯ ಮೆಟ್ಟಿಲು ಹತ್ತದ ಮಗಳನ್ನು ಸೇರಿಸಲೆಂದು ಎರಡು ವಾರ ನನ್ನ ಹಿಂದೆ ಬಿದ್ದು ಬರೆಸಿಕೊಂಡದ್ದು.

ಬೆಳಿಗ್ಗೆ ಕಪ್ಪೆಯ ಭ್ರೂಣದ ಪಾಠವಿತ್ತು. ಚರ್ಮವಾಗಬೇಕಿದ್ದ ಚೂರನ್ನು ಬೇಗ ತೆಗೆದು ಮಿದುಳು ಬೆಳೆಯುವ ಜಾಗದಲ್ಲಿಟ್ಟರೆ ಅದು ಮಿದುಳೇ ಆಗುತ್ತದೆ, ತಡವಾದರೆ ಎಲ್ಲಿಟ್ಟರೂ ಚರ್ಮವೇ ಎಂದೆ. ಹನ್ನೊಂದು ವರ್ಷದಿಂದ ಅದೇ ಮಾತು, ಅದೇ ಬೋರ್ಡು. ಹುಚ್ಚಯ್ಯ ಬಾಗಿಲ ಹತ್ತಿರ ಸೀಸೆ ಒರೆಸುತ್ತಾ ಕೇಳಿಸಿಕೊಂಡಿದ್ದಾನೆ.

"ತಿಮ್ಮಿಗೆ ಹನ್ನೆರಡು ತುಂಬೋಯ್ತು ಸಾ. ತಡ ಆದ್ಮೇಲೆ ಎಲ್ಲಿಕ್ಕುದ್ರೂ ಅಷ್ಟೇಯ ಅಂತ ನೀವೇ ಅಂದ್ರಲ್ಲ. ಬುಡಿ."

ಅದು ಕಪ್ಪೆ ವಿಷಯ ಕಣಯ್ಯ ಅಂದೆ.

"ಅದೂ ಜೀವ ತಾನೇ ಸಾ."

ಸುಸ್ತಾಗಿತ್ತು. ವಾದ ಮಾಡದೆ ಪತ್ರವನ್ನು ಡ್ರಾಯರಿಗೆ ಹಾಕಿ ಮನೆಗೆ ಬಂದುಬಿಟ್ಟೆ. ಏನು ಹೇಳಬೇಕಿತ್ತೆಂದು ಆಗಲೂ ಗೊತ್ತಿತ್ತು. ದನ ಕಾಯುವುದು ಬಿಟ್ಟು ನಾನು ಮೊದಲ ಅಕ್ಷರ ತಿದ್ದಿದ್ದು ಹದಿಮೂರನೇ ವಯಸ್ಸಿನಲ್ಲಿ. ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಸರಸ್ವತಿಪುರಂನ ಈ ಮನೆಯಲ್ಲೂ ಹೇಳಿಲ್ಲ.

ನಾಳೆ ಮೊದಲು ಹುಚ್ಚಯ್ಯನಿಗೆ.