ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಅಕ್ಕನ ಆಶೀರ್ವಾದಗಳು. ನಾನು ಮನೆ ಸೇರಿ ನಾಲ್ಕು ದಿನವಾಯಿತು. ಹೊಸ ಹೊಲಿಗೆ ಯಂತ್ರ ಕಲಿಯಲು ಕಾರ್ಖಾನೆಯವರು ನನ್ನನ್ನೂ ಕಾಜಾ ಅಕ್ಕನನ್ನೂ ಹತ್ತು ದಿನ ಹೊರದೇಶಕ್ಕೆ ಕಳಿಸಿದ್ದರಲ್ಲ (ಕಾಜಾ ಅಕ್ಕ ಗೊತ್ತಲ್ಲ, ಗುಂಡಿಗೆ ಕಾಜಾ ಹೊಲಿಯುವವಳು, ಮಾತಿಗೆ ಬ್ರೇಕೇ ಇಲ್ಲದವಳು), ಬರುವಾಗ ವಿಮಾನ ಬದಲಿಸಲು ಒಂಬತ್ತು ಗಂಟೆ ಬಿಡುವು ಸಿಕ್ಕಿದ್ದು ಎಲ್ಲಿ ಅಂತೀಯ? ಮೂರು ವರ್ಷದ ಹಿಂದೆ ಅಮ್ಮನನ್ನು ನಿನ್ನಲ್ಲಿಂದ ವಾಪಸು ಕರೆತರುವಾಗ ನೀನು ಸುತ್ತಾಡಿಸಿದೆಯಲ್ಲ, ಅದೇ ಬಂದರಿನ ಊರಿನಲ್ಲಿ.

ಆ ಊರಿನ ಮಾತೆತ್ತಿದರೆ ನನಗೆ ಹೊಟ್ಟೆಕಿಚ್ಚು. ಇವತ್ತು ಬರೆದೇಬಿಡುತ್ತೇನೆ, ನಗಬೇಡ. ಅಮ್ಮ ನನ್ನ ಜೊತೆ ಇರುವುದು ಹನ್ನೊಂದು ವರ್ಷದಿಂದ, ನಿನ್ನ ಜೊತೆ ಅಲ್ಲಿ ಕಳೆದದ್ದು ಒಂದೇ ಹಗಲು. ಆದರೆ ಮನೆಗೆ ಬಂದವರ ಮುಂದೆ ಬಿಚ್ಚುವುದು ಆ ಹಗಲನ್ನೇ. ದೋಣಿ ಹೀಗಿತ್ತು, ಹಡಗು ಹಾಗಿತ್ತು, ನಮ್ಮ ಪುಟ್ಟಿ ಕೈ ಹಿಡಿದು ಇನ್ನೂರು ಮೆಟ್ಟಿಲು ಹತ್ತಿಸಿಬಿಟ್ಟಳು ಅಂತ. ನಮ್ಮ ಬಚ್ಚಲಿನ ಒಂದು ಮೆಟ್ಟಿಲಿಗೆ ಅಯ್ಯೋ ಮಂಡಿ ಅನ್ನುವವಳೂ ಇವಳೇ! ದೋಣಿಯ ಕಂಬಿ ಹಿಡಿದು ಬಾಯ್ತುಂಬ ನಗುವ ಆ ಫೋಟೋವನ್ನು ಕನ್ನಡಿಯ ಪಕ್ಕದಲ್ಲೇ ಸಿಕ್ಕಿಸಿದ್ದಾಳೆ. ದಿನಾ ತಲೆ ಬಾಚುವಾಗ ನಾನು ಅದನ್ನು ನೋಡಲೇಬೇಕು.

ಫೋಟೋ ಹಾಳಾಗಿ ಹೋಗಲಿ, ಆ ಹಸಿರು ಅಂಗಿ! ಅಲ್ಲಿಯ ದರ್ಜಿ ನಾಲ್ಕೇ ಗಂಟೆಯಲ್ಲಿ ಹೊಲಿದುಕೊಟ್ಟಳಂತೆ. ಮೂವತ್ತು ವರ್ಷದಿಂದ ಅಮ್ಮನ ಮೈಮೇಲೆ ನನ್ನ ಕೈಯ ಬಟ್ಟೆ ಬಿಟ್ಟು ಬೇರೆ ಬಿದ್ದಿರಲಿಲ್ಲ. ಈಗ ನಾನು ಹೊಲಿದದ್ದೆಲ್ಲ ಪೆಟ್ಟಿಗೆಯ ತಳದಲ್ಲಿ, ಅದು ಮಾತ್ರ ಪ್ರತಿ ಮದುವೆಗೂ ಮೈಮೇಲೆ. ಎಲ್ಲೂ ಎಳೆಯೋದಿಲ್ಲ ನೋಡೇ ಅಂತ ತೋಳೆತ್ತಿ ತೋರಿಸುವುದು ಯಾರಿಗೆ? ನನಗೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಹೋದ ವರ್ಷ ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಆ ಅಂಗಿಯ ಪಕ್ಕದ ಹೊಲಿಗೆಗಳನ್ನು ಎರಡೆರಡು ಬೆರಳು ಒಳಕ್ಕೆ ಹಿಡಿದು ಹೊಲಿದುಬಿಟ್ಟೆ. ಮುಂದಿನ ಸಲ ಹಾಕಿಕೊಳ್ಳಲು ಹೋಗಿ ಉಸಿರು ಕಟ್ಟಿ ನಿಂತಳು. ದಪ್ಪಗಾಗಿದ್ದೀಯಮ್ಮ ಅಂದೆ. ಪಾಪ, ಒಂದು ತಿಂಗಳು ಊಟ ಕಮ್ಮಿ ಮಾಡಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾನು ಹೊರಡುವ ದಿನ ಅದೇ ಅಂಗಿಯನ್ನು ತಂದು ನನ್ನ ಚೀಲದಲ್ಲಿಟ್ಟಳು. ಹೇಗೂ ಆ ಊರಿನ ಮೇಲೇ ಬರ್ತೀಯಲ್ಲ, ಆ ದರ್ಜಿ ಹತ್ರಾನೇ ಸಡಿಲ ಮಾಡಿಸ್ಕೊಂಡು ಬಾ, ನೀನು ಮಾತ್ರ ಕೈ ಹಾಕಬೇಡ ಅಂತ. ಮೂವತ್ತು ವರ್ಷ ಕತ್ತರಿ ಹಿಡಿದವಳಿಗೆ ಈ ಮಾತು! ನಿನ್ನ ಭಾವ ಬೇರೆ ಬಾಗಿಲಲ್ಲಿ ನಿಂತು ನಕ್ಕರು.

ಅವತ್ತು ಎಲ್ಲೆಲ್ಲಿ ಹೋದಿರೆಂದು ನೀನು ಅಮ್ಮನಿಗೆ ಬರೆದುಕೊಟ್ಟ ಚೀಟಿ ಹಿಡಿದೇ ಊರು ಸುತ್ತಿದೆವು. ಮೊದಲು ಮೆಟ್ಟಿಲು. ನೂರಾ ಹತ್ತಕ್ಕೆ ಕಾಜಾ ಅಕ್ಕ ಕೂತೇಬಿಟ್ಟಳು. ನಾನು ಹಠಕ್ಕೆ ಪೂರ್ತಿ ಹತ್ತಿದೆ. ಮೇಲಿಂದ ಬಂದರು ಕಾಣಿಸಿತು, ನೀರಿಗಿಂತ ಹಡಗೇ ಜಾಸ್ತಿ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ಇನ್ನಷ್ಟು ಉರಿಯಿತು.

ಆಮೇಲೆ ದರ್ಜಿಯ ಅಂಗಡಿ. ಸೂಟ್‌ಕೇಸ್ ಕಾಲಬುಡದಲ್ಲಿ ಇಟ್ಟುಕೊಂಡು, ವಿಮಾನಕ್ಕೆ ಮೊದಲು ಬಟ್ಟೆ ಸಿಗುತ್ತೋ ಇಲ್ಲವೋ ಅಂತ ಗಡಿಯಾರ ನೋಡುವ ಗಿರಾಕಿಗಳು. ದರ್ಜಿ ನನ್ನ ವಯಸ್ಸಿನವಳೇ. ಅವಳ ತಾತ ನಮ್ಮ ಕಡೆಯಿಂದ ಹಡಗು ಹತ್ತಿ ಹೋದವನಂತೆ, ನಮ್ಮ ಮಾತನ್ನು ಅರ್ಧಂಬರ್ಧ ಆಡುತ್ತಾಳೆ. ಅಂಗಿಯನ್ನು ತಿರುವಿ ನೋಡಿದಳು. ತನ್ನ ಹಳೇ ಹೊಲಿಗೆಗೆ ಎರಡು ಬೆರಳು ಒಳಗೆ ಬಿದ್ದ ಹೊಸ ಸಾಲನ್ನು ಉಗುರಿನಿಂದ ತೋರಿಸಿ, ಇದನ್ನ ಬಿಗಿ ಮಾಡಿದ್ದು ಯಾರು ಅಂತ ಕೇಳಿದಳು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುವುದೊಂದು ಬಾಕಿ. ನಮ್ಮ ಬೀದಿಯಲ್ಲಿ ಯಾರೋ ಒಬ್ಬಳು ಅಂದೆ. ಕಾಜಾ ಅಕ್ಕ ಜೀವನದಲ್ಲಿ ಮೊದಲ ಸಲ ಸುಮ್ಮನಿದ್ದಳು.

ಆಗ ದರ್ಜಿ ಹೇಳಿದ್ದು ಕೇಳು. ಅಮ್ಮ ಅವತ್ತು ಟೇಪನ್ನು ಮೈಗೆ ತಾಗಿಸಲೂ ಬಿಡಲಿಲ್ಲವಂತೆ. ನೀನು ದೋಣಿಯ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದೆಯಂತೆ. ಅಮ್ಮ ಚೀಲದಿಂದ ಹಳೇ ನೀಲಿ ಅಂಗಿ ತೆಗೆದುಕೊಟ್ಟು, ಇದರ ಹಾಗೇ ಕತ್ತರಿಸು, ನನ್ನ ದೊಡ್ಡ ಮಗಳು ತೆಗೆದ ಅಳತೆ ಇದು, ಇದನ್ನ ತಿದ್ದೋಕೆ ಹೋಗಬೇಡ, ಒಳಗೆ ಅವಳು ಬಿಟ್ಟಷ್ಟೇ ಬಟ್ಟೆ ಬಿಡು ಅಂದಳಂತೆ. ನನಗೆ ನಂಬಿಕೆ ಬರಲಿಲ್ಲ. ಅಂಗಿಯನ್ನು ಕಿತ್ತುಕೊಂಡು ಮೇಜಿನ ಮೇಲೆ ಹರಡಿದೆ. ಎಡ ಹೆಗಲು ಅರ್ಧ ಬೆರಳು ಕೆಳಗಿತ್ತು, ಪುಟ್ಟಿ. ಅಮ್ಮನ ಎಡ ಹೆಗಲು ಇಳಿದಿರುವುದು ನಿನಗೂ ಗೊತ್ತಿಲ್ಲ, ನನ್ನ ಕತ್ತರಿಗೆ ಮಾತ್ರ ಗೊತ್ತು. ಮೂರು ವರ್ಷ ನಾನು ಹಲ್ಲು ಕಡಿದದ್ದು ನನ್ನದೇ ಅಂಗಿಯ ಮೇಲೆ.

ದರ್ಜಿಯ ಕೈಯಿಂದ ಬಿಚ್ಚಿಸಲಿಲ್ಲ. ಬ್ಲೇಡು ಕೇಳಿ ತೆಗೆದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತು ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಒಂದು ಲೋಟ ನೀರು ತಂದಿಟ್ಟಳು.

ಕೊನೆಗೆ ದೋಣಿ. ಅದೇ ಕಂಬಿ ಹಿಡಿದು ನಿಂತೆ, ಕಾಜಾ ಅಕ್ಕ ಫೋಟೋ ತೆಗೆದಳು. ಮುಖ ನೋಡಿದರೆ ರೇಷನ್ ಸಾಲಿನಲ್ಲಿ ನಿಂತವಳ ಹಾಗಿದೆ. ನಗು ಬರಲಿಲ್ಲ. ಅಂಗಿ ನನ್ನದಾದರೇನು, ಆ ನಗು ನಿನ್ನದೇ ಅಲ್ಲವೇ? ನನ್ನ ಹತ್ತಿರ ಅಮ್ಮನಿಗೆ ಮಾತ್ರೆ, ಬಿಸಿನೀರು, ಹೊತ್ತು ಹೊತ್ತಿಗೆ ಗದರಿಕೆ. ನಿನ್ನ ಹತ್ತಿರ ಸಮುದ್ರ. ಬೇಕೆಂದೇ ಹೀಗಾಯಿತು ಅನ್ನುವುದಿಲ್ಲ, ಆದರೆ ಹೀಗಾಯಿತು.

ಅಮ್ಮನನ್ನು ಆರು ತಿಂಗಳಾದರೂ ಕಳಿಸು ಅಂತ ನೀನು ಬರೆದು ವರ್ಷವಾಗುತ್ತ ಬಂತು. ಪಾಸ್‌ಪೋರ್ಟು ಕಳೆದುಹೋಗಿದೆಯಲ್ಲ, ಏನು ಮಾಡಲಿ ಅಂದಿದ್ದೆ. ಅದಕ್ಕೆ ನೀನು ಫೋನಿನಲ್ಲಿ ಅಮ್ಮನ ಮೇಲೆ ರೇಗಿದೆ. ಅಮ್ಮ ಅಕ್ಕಿ ಡಬ್ಬವನ್ನೂ ಬಿಡದೆ ಹುಡುಕಿದಳು. ಎಲ್ಲಿಟ್ಟೆನೋ, ನನ್ನ ತಲೆ ನೆಟ್ಟಗಿಲ್ಲ ಕಣೇ ಅಂತ ಕೂತು ಅತ್ತದ್ದೂ ಉಂಟು. ಮತ್ತೊಮ್ಮೆ ಹುಡುಕಿ ತಿಳಿಸುತ್ತೇನೆ. ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಪಾಸ್‌ಪೋರ್ಟು ಕಳೆದಿರಲಿಲ್ಲ. ನನ್ನ ಹೊಲಿಗೆ ಯಂತ್ರದ ಡ್ರಾದಲ್ಲಿ, ಬಾಬಿನ್ ಡಬ್ಬದ ಕೆಳಗಿತ್ತು. ನಾನೇ ಇಟ್ಟದ್ದು. ಈಗಷ್ಟೇ ತಂದು ಅಮ್ಮನ ತೊಡೆಯ ಮೇಲಿಟ್ಟು, ನಿನ್ನ ತಲೆ ನೆಟ್ಟಗಿದೆಯಮ್ಮ, ನೆಟ್ಟಗಿಲ್ಲದ್ದು ನನ್ನದು ಅಂದೆ. ಅಂಗಿಯ ವಿಷಯವನ್ನೂ ಹೇಳಿದೆ. ಬೈಯುತ್ತಾಳೆ ಅಂತ ತಲೆ ತಗ್ಗಿಸಿ ನಿಂತರೆ, ದೊಡ್ಡ ಸೂಟ್‌ಕೇಸ್ ಅಟ್ಟದ ಮೇಲಿದೆಯಾ ಅಂತ ಕೇಳಿದಳು. ಕೇಳಿದವಳು ಕಾಯಲೂ ಇಲ್ಲ, ಸ್ಟೂಲು ಎಳೆದುಕೊಂಡು ಹತ್ತಿಯೇಬಿಟ್ಟಳು, ಮಂಡಿ ನೋವಿನವಳು! ಟಿಕೆಟ್ ಕಳಿಸು. ಹಸಿರು ಅಂಗಿಯನ್ನೇ ಹಾಕಿಕೊಂಡು ಬರುತ್ತಾಳೆ. ನಿನ್ನ ಕೈಯಡುಗೆ ತಿಂದು ದಪ್ಪಗಾದರೆ ಅಲ್ಲಿ ಯಾರ ಕೈಗೂ ಕೊಟ್ಟು ಸಡಿಲ ಮಾಡಿಸಬೇಡ. ಒಳಗೆ ಇನ್ನೂ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ, ಬಂದಮೇಲೆ ನಾನೇ ಬಿಚ್ಚುತ್ತೇನೆ.