ಕರಾಚಿಗೆ ಹೋದ ಎಲೆ

ಸವಣೂರು, ಏಪ್ರಿಲ್ ೧೯೪೮

ನಮ್ಮ ಹುಲಗೂರು ತೋಟದ ಗುಡಿಸಲಿನಲ್ಲಿರುವ ಉಡಚವ್ವನಿಗೆ ಎಲೆ ವ್ಯಾಪಾರಿ ಶಿದ್ಲಿಂಗಪ್ಪನ ಆಶೀರ್ವಾದ. ಕುಲಕರ್ಣಿಯವರಿಂದ ಈ ಪತ್ರ ಓದಿಸಿಕೋ.

ನಿನ್ನ ಗಂಡ ಮಾಳಪ್ಪ ಕರಾಚಿ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡ. ಮೊದಲು ನಮ್ಮ ವೀಳ್ಯದೆಲೆ ಅಲ್ಲಿಗೆ ತಡೆಯಿಲ್ಲದೆ ಹೋಗುತ್ತಿತ್ತು. ಸ್ವಾತಂತ್ರ್ಯ ಬಂದು ಅದು ಬೇರೆ ದೇಶವಾಯಿತು. ಕಳೆದ ತಿಂಗಳಿಂದ ಗಡಿ ದಾಟುವ ಮಾಲಿಗೆ ಜಕಾತಿಯೂ ಬಿದ್ದಿದೆ. ಹಳೆಯ ಪರಿಚಯದ ಮೇಲೆ ಬಿಟ್ಟಾರೆಂದು ಎಲೆಬುಟ್ಟಿಗಳ ಜೊತೆ ಅವನನ್ನು ಕಳಿಸಿದೆ.

“ಜಕಾತಿ ಕೇಳಿದ್ರ ಏನ್ ಮಾಡ್ಲಿರಿ ಸಾವ್ಕಾರ್ರ?” ಎಂದು ಹೊರಡುವಾಗ ಕೇಳಿದ.

“ಏನರ ಆಗ್ಲಿ, ಬುಟ್ಟಿ ಬಿಟ್ಟು ಬರಬ್ಯಾಡ” ಎಂದೆ.

ಅವನು ಬಿಡಲಿಲ್ಲ. ಜಕಾತಿಯವರು ಮಾಲು ತಡೆದ ಮೇಲೆ ಬುಟ್ಟಿಗಳ ಪಕ್ಕದಲ್ಲೇ ಬಿಸಿಲಿಗೆ ಕುಳಿತು, ಕುಡಿಯಲು ಕೊಟ್ಟ ನೀರನ್ನೂ ಎಲೆಗೇ ಚಿಮುಕಿಸಿದನಂತೆ. ಎಲೆ ಕಪ್ಪಾದ ಮೇಲೂ ಏಳಲಿಲ್ಲವೆಂದು ಅಲ್ಲಿಯ ದಲ್ಲಾಳಿ ಬರೆದಿದ್ದಾರೆ. ಅಷ್ಟು ಮಾತು ಕೇಳುವ ಆಳು ನನಗೆ ಇನ್ನು ಸಿಗಲಾರ. ಅವನನ್ನು ಅಲ್ಲೇ ಮಣ್ಣು ಮಾಡಿದ್ದಾರೆ. ನೀನು ಹೋಗುವಂತಿಲ್ಲ.

ಇನ್ನು ಮುಂದೆ ನಮ್ಮ ಎಲೆ ಪುಣೆಗೆ ಹೋಗುತ್ತದೆ. ಆ ಕೆಲಸಕ್ಕೆ ಬರುವವನಿಗೆ ಗುಡಿಸಲು ಬೇಕು. ಅಮಾವಾಸ್ಯೆಯೊಳಗೆ ಖಾಲಿ ಮಾಡು.

ಮಾಳಪ್ಪನ ಕಂಬಳಿ ದಲ್ಲಾಳಿಯ ಹತ್ತಿರ ಉಳಿದಿದೆ. ಅದನ್ನು ತರಿಸಲೂ ಜಕಾತಿ ಕಟ್ಟಬೇಕಂತೆ. ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ ಎಂದು ಬರೆದಿದ್ದೇನೆ.

ಇತಿ ನಿನ್ನ ಹಿತ ಬಯಸುವ,
ಶಿದ್ಲಿಂಗಪ್ಪ