ಕಿವಿಗೆ ಬಿದ್ದ ಹೆಸರು

೧೨ ನವೆಂಬರ್ ೧೯೯೦, ಮಸ್ಕಿ

ಕೂಸಿಗೆ ಎರೆದಾಯಿತು. ಅತ್ತೆ ಲೋಬಾನ ಹಾಕಿ ಮಲಗಿಸಿದರು. ನನಗೆ ಹೊಲಿಗೆ ಇನ್ನೂ ಎಳೆಯುತ್ತದೆ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಒಂದೇ ಮಾತು — ಹೆಸರು. ನನಗೆ ಲತಾ ಬೇಕೇ ಬೇಕು. ದೊಡ್ಡವಳು ಹೇಮಲತಾ, ಎರಡನೆಯವಳು ಪುಷ್ಪಲತಾ. ಮೂರನೆಯವಳು ಬೇರೆ ಏನೋ ಹೆಸರಿಟ್ಟುಕೊಂಡು ಅವರ ಪಕ್ಕ ನಿಂತರೆ ಹೇಗೆ?

ಅತ್ತೆಗೆ ಅವರ ತಾಯಿಯ ಹೆಸರು ಬೇಕು. “ಎರಡು ಲತಾ ಸಾಲ್ದೇನು? ಒಂದಕ್ಕರ ದೇವರ ಹೆಸರು ಬ್ಯಾಡೇನು? ಹುಲಿಗೆಮ್ಮ ಅಂತಿಡು.”

ನನಗಿಟ್ಟದ್ದು ಅಜ್ಜಿಯ ಹೆಸರು. ಆದಮ್ಮ. ಟಿ.ಸಿ.ಎಚ್. ಓದುವಾಗ ಹಾಜರಿ ಕೂಗಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಈಗ ಟೀಚರ್ ಆಗಿ ನಾನೇ ಹಾಜರಿ ಕೂಗುತ್ತೇನೆ. ನನ್ನ ಮಕ್ಕಳಿಗೆ ಆ ನಗು ಬೇಡ.

ಇವರು ಡ್ಯೂಟಿ ಮುಗಿಸಿ ಬಂದರು. ಕಂಡಕ್ಟರ್ — ಲಿಂಗಸೂಗೂರು, ಮಸ್ಕಿ, ಸಿಂಧನೂರು. ಬಸ್ಸಿನಲ್ಲಿ ಕೇಳಿದ ಹೆಸರುಗಳನ್ನೆಲ್ಲ ತರುತ್ತಾರೆ. “ಸ್ನೇಹಲತಾ ಐತಿ, ಚಂದ್ರಲತಾ ಐತಿ. ಕನಕಲತಾ ಅಂತ ಒಬ್ಬಾಕಿ ಹತ್ತಿದ್ಲು. ಭಾಳ ಜಗಳಗಂಟಿ. ಅದು ಬ್ಯಾಡ.”

ನಕ್ಕೆ. ಹೊಲಿಗೆ ನೋಯಿತು.

೧೫ ನವೆಂಬರ್

ಆಶಾಲತಾ. ಕೊನೆಗೆ ಇದೇ. ಹುಡುಗಿಯರು ಅಂಗಳದಲ್ಲಿ ನಿಂತು ಮೂರೂ ಹೆಸರು ಕೂಗಿ ನೋಡಿದರು. ಚೆನ್ನಾಗಿ ಹೊಂದುತ್ತದೆ. ಅತ್ತೆ ಮುಖ ತಿರುಗಿಸಿಕೊಂಡಿದ್ದಾರೆ.

ಹೆರಿಗೆಯಾದ ಲಿಂಗಸೂಗೂರಿನ ದವಾಖಾನೆ ಸರಿಯಾಗಿ ನೆನಪಿಲ್ಲ. ಆಪರೇಷನ್ ಆಗುವಾಗ ಎಚ್ಚರವಿರಲಿಲ್ಲ. ಎಚ್ಚರಾದಾಗ ಕರೆಂಟ್ ಹೋಗಿತ್ತು. ಪಕ್ಕದ ಮಂಚದಲ್ಲಿ ಒಬ್ಬಾಕೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೂಸು ಉಳಿಯಲಿಲ್ಲವಂತೆ, ಅದೂ ಹೆಣ್ಣು. ಮುಖ ನೋಡಲಿಲ್ಲ. ಬೆನ್ನಷ್ಟೇ ಕಂಡಿದ್ದು. ಅಲುಗುತ್ತಲೇ ಇತ್ತು.

೨೩ ನವೆಂಬರ್, ಸಂಜೆ

ಹೆಸರಿಟ್ಟಾಯಿತು. ಮನೆ ತುಂಬ ಹೆಣ್ಣುಮಕ್ಕಳು, ಗುಗ್ಗರಿಯ ವಾಸನೆ. ಇವರ ತಂಗಿ ಮಾರೆಮ್ಮ ಸಿಂಧನೂರಿನಿಂದ ಬಂದಿದ್ದಳು. ಸೋದರತ್ತೆ, ಹೆಸರು ಹೇಳುವ ಹಕ್ಕು ಅವಳದು. ಕಿವಿಯಲ್ಲಿ ಕುರ್ ಎಂದು ‘ಆಶಾಲತಾ’ ಅಂದಳು. ಎಲ್ಲರೂ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಕೂಸು ಕಿರುಚಿ ಅತ್ತಿತು.

ಆಮೇಲೆ ಇನ್ನೊಬ್ಬಳು ತೊಟ್ಟಿಲಿಗೆ ಬಗ್ಗಿದಳು. ಹಸಿರು ಸೀರೆ, ತೆಳ್ಳಗಿನ ಹೆಂಗಸು. ಕೂಸಿಗೊಂದು ಕೆಂಪು ಕುಲಾವಿ ಹಾಕಿ, ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಅಳು ನಿಂತಿತು. ಅವಳ ಬೆನ್ನಿಗೆ ಯಾರೂ ಗುದ್ದಲಿಲ್ಲ.

ಊಟಕ್ಕೆ ಕೂರಿಸೋಣವೆಂದು ಹುಡುಕಿದರೆ ಇಲ್ಲ.

ಮಾರೆಮ್ಮ ಅಂದಳು, “ನಮ್ಮಾಕಿ ಅಲ್ಲವ್ವ. ನಿನ್ನ ತೌರಿನಾಕಿ ಅಂದ್ಕೊಂಡಿದ್ದೆ.”

ಪಕ್ಕದ ಮನೆಯ ರಹೀಮಾಬೀ ಅಂದರು, “ಈ ಓಣಿಯಾಕಿ ಅಂತೂ ಅಲ್ಲ.”

ಹೋಗಲಿ. ಕುಲಾವಿ ಚೆನ್ನಾಗಿದೆ. ಕೈಯಲ್ಲಿ ಹೊಲಿದದ್ದು.

೨೯ ನವೆಂಬರ್

ಪುಷ್ಪಾ ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. ಭದ್ರಾ… ಭದ್ರಮ್ಮಾ…

“ಯಾರ ಹೆಸರೇ ಅದು?”

“ಕೂಸಿಂದು. ಕುಲಾವಿ ಕೊಟ್ಟಾಕಿ ಕಿವ್ಯಾಗ ಹೇಳಿದ್ಲಲ್ಲ. ನಾ ಬಾಜೂಕ ನಿಂತಿದ್ದೆ.”

“ಕೂಸಿನ ಹೆಸರು ಆಶಾಲತಾ.”

“ಅದು ನೀ ಇಟ್ಟಿದ್ದು,” ಅಂದಳು. ಐದು ವರ್ಷದ ಹುಡುಗಿ.

ಅತ್ತೆಯನ್ನು ಕೇಳಿದೆ. ನಮ್ಮ ಮನೆತನದಲ್ಲಿ ಭದ್ರಮ್ಮ ಯಾರೂ ಇಲ್ಲ. ತೌರಿನಲ್ಲೂ ಇಲ್ಲ. ಹೇಮಲತಾ, ಪುಷ್ಪಲತಾ, ಭದ್ರಮ್ಮ — ಬೇರೆ ಮನೆಯ ಕೂಸನ್ನು ತಂದು ಸಾಲಿನಲ್ಲಿ ನಿಲ್ಲಿಸಿದ ಹಾಗಿದೆ.

೧೧ ಡಿಸೆಂಬರ್

ಮಧ್ಯಾಹ್ನದಿಂದ ಅಳು. ಬಜೆ ತೇಯ್ದು ನೆಕ್ಕಿಸಿದರು. ಹೊಟ್ಟೆಗೆ ಎಣ್ಣೆ ಹಚ್ಚಿದರು. ಆಶಾ, ಆಶಾ ಎಂದು ನನ್ನ ಗಂಟಲು ಒಣಗಿತು. ನಿಲ್ಲಲಿಲ್ಲ.

ಹೇಮಾ ಶಾಲೆಯಿಂದ ಬಂದಳು. ಚೀಲ ಇಳಿಸುತ್ತ ಬಾಗಿಲಿಂದಲೇ “ಯಾಕ ಭದ್ರಾ?” ಅಂದಳು.

ಗಪ್. ನಲ್ಲಿ ಬಂದ್ ಮಾಡಿದ ಹಾಗೆ.

ಹೇಮಾಗೆ ಹೊಡೆದೆ. ಈವರೆಗೂ ಹೊಡೆದವಳಲ್ಲ. “ನಾ ಏನ್ ಮಾಡೀನವ್ವ?” ಎಂದು ಅತ್ತಳು. ಕೂಸು ಅವಳನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿತ್ತು.

೧೮ ಡಿಸೆಂಬರ್

ರೊಟ್ಟಿ ಬಡಿಯುತ್ತಿದ್ದೆ. ಇವರು ಬಂದು ಕಾಲು ತೊಳೆಯುತ್ತ ಹೇಳಿದರು.

“ಕುಲಾವಿ ಕೊಟ್ಟ ಹೆಂಗಸು ಇವತ್ತ ಬಸ್ನ್ಯಾಗ ಇದ್ಲು. ಹೆಸರಿಡೋ ದಿನ ಬಾಗಿಲದಾಗ ನೋಡಿದ್ದೆನಲ್ಲ, ಅದ ಹಸಿರು ಸೀರಿ. ಸಿಂಧನೂರ ದಾರ್ಯಾಗಿನ ಗೊರೇಬಾಳದಾಕಿ. ಜೋಡಿ ಎರಡು ಹುಡುಗ್ರು. ‘ಏ ಕೃಷ್ಣಾ, ಏ ತುಂಗಾ, ಜಲ್ದಿ ಇಳೀರಿ’ ಅಂದ್ಲು. ಛಲೋ ಹೊಂದಿಸ್ಯಾಳ ನೋಡು, ನೀ ಲತಾ ಹೊಂದಿಸಿದಂಗ. ಎಲ್ಲಾ ಹೊಳಿ ಹೆಸರು.”

ಕೃಷ್ಣಾ. ತುಂಗಾ.

ಭದ್ರಾ.

ಹಂಚಿನ ಮೇಲೆ ರೊಟ್ಟಿ ಸುಟ್ಟಿತು. ಇವರು ಕೂಗಿದರೂ ನನಗೆ ಕೇಳಿಸಲಿಲ್ಲ. ಅವಳ ಮೂರನೆಯದು ನನ್ನ ತೊಟ್ಟಿಲಿನಲ್ಲಿದೆ. ಪಕ್ಕದ ಮಂಚದ ಆ ಬೆನ್ನು ನೆನಪಾಯಿತು. ನನಗೆ ಎಚ್ಚರವಿರಲಿಲ್ಲ. ಕರೆಂಟ್ ಇರಲಿಲ್ಲ. ಎರಡೂ ಹೆಣ್ಣು.

ಕೂಸನ್ನು ಎತ್ತಿಕೊಂಡು ಕಿವಿ ನೋಡಿದೆ, ಉಗುರು ನೋಡಿದೆ. ಹೇಮಾಳ ಹಾಗಿದೆ ಅನಿಸಿತು. ಮತ್ತೆ ನೋಡಿದರೆ ಯಾರ ಹಾಗೂ ಇಲ್ಲ ಅನಿಸಿತು.

೨೦ ಡಿಸೆಂಬರ್

ಹೊಲಿಗೆ ತೋರಿಸಬೇಕೆಂದು ಹೇಳಿ ಲಿಂಗಸೂಗೂರಿಗೆ ಹೋದೆ. ಆಯಾ ಜುಬೇದಾಬೀ ಹಿತ್ತಲಲ್ಲಿ ಚಾದರ ಹಿಂಡುತ್ತಿದ್ದಳು. ಗುರುತು ಹಿಡಿದಳು.

“ನೀನೂ ಬಂದ್ಯಾ ಟೀಚರ? ನಿನ್ನ ಬಾಜೂ ಮಂಚದಾಗಿದ್ಲಲ್ಲ, ಆಕಿನೂ ಹೋದ ತಿಂಗಳ ಬಂದಿದ್ಲು. ನಿನ್ನ ಊರು ಕೇಳಿದ್ಲು. ಹೆಸರಿಡೋದು ಯಾವಾಗ ಅಂತ ಕೇಳಿದ್ಲು.”

“ಜುಬೇದಾಬೀ, ಖರೆ ಹೇಳು. ಕೂಸು ಅದಲು ಬದಲು ಆಗ್ಯಾವೇನು?”

“ತೋಬಾ ತೋಬಾ! ನೀ ಬರೋಕಿಂತ ಮೊದಲ ಆಕಿ ಹಡದಿದ್ಲು. ಉಸಿರಿಲ್ಲದ ಕೂಸು. ಆಕಿ ಎಚ್ಚರದಾಗ ಇದ್ಲು ಯವ್ವಾ, ಎದಿಮ್ಯಾಲ ಹಾಕ್ಕೊಂಡು ಬಿಡವಲ್ಲಳಾಗಿದ್ಲು. ಬಿಡಿಸ್ಕೋಬೇಕಾದ್ರ ನಮಗ ಸಾಕಾತು. ಅದನ್ನ ಒಯ್ದ ಮ್ಯಾಲ ನಿಂದು ಹುಟ್ಟಿದ್ದು. ಎರಡನ್ನೂ ನಾನ ತೊಳದೀನಿ.”

ಬಸ್ಸಿನಲ್ಲಿ ಮುದಗಲ್ ಕ್ರಾಸ್ ದಾಟುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನನ್ನದೇ. ನನ್ನದೇ ಕೂಸು.

ಹಾಗಾದರೆ ಹೆಸರು ಯಾಕೆ?

೨೬ ಡಿಸೆಂಬರ್

ಗೊರೇಬಾಳ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಹೋದೆ. ಬಾಗಿಲಲ್ಲಿ ಭತ್ತ ಹರವಿತ್ತು. ಹೆಸರು ಗದ್ದೆಮ್ಮ. ನನ್ನನ್ನು ನೋಡಿ ಬೆಚ್ಚಲಿಲ್ಲ. “ಬರ್ರಿ ಅಕ್ಕಾರ,” ಎಂದು ಚಾಪೆ ಹಾಸಿದಳು. ಒಳಗೆ ಖಾಲಿ ತೊಟ್ಟಿಲು ಕಟ್ಟಿದ್ದು ಹಾಗೇ ಇತ್ತು. ಮಗಳು ತುಂಗಾ ಅದಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಬೈಯಲು ಹೋಗಿದ್ದೆ. ಅವಳೇ ಮಾತು ತೆಗೆದಳು.

“ಹೆಸರಿಲ್ಲದಂಗ ಮಣ್ಣು ಮಾಡಿದ್ರು ಅಕ್ಕಾರ. ಗಂಡಸರು ಒಯ್ದ್ರು, ಬಂದು ಜಳಕ ಮಾಡಿದ್ರು, ಮುಗೀತು. ಹೊಟ್ಟ್ಯಾಗ ಇದ್ದಾಗಿಂದ ನಾ ಭದ್ರಮ್ಮ ಅಂತ ಕರೀತಿದ್ದೆ. ಹುಡುಗ್ರೂ ಹಂಗ ಕರೀತಿದ್ವು. ದವಾಖಾನಿಯಿಂದ ಬಂದ ಮ್ಯಾಲ ಅಳು ಸುರು ಆತು. ಹಾಡುಹಗಲ. ಖಾಲಿ ತೊಟ್ಟಲದಾಗ.”

“ನಿನಗ ಒಬ್ಬಾಕಿಗೇನು?”

“ಹುಡುಗ್ರಿಗೂ ಕೇಳ್ತಿತ್ರಿ. ಜೀವ ಇರೋ ಕಿವ್ಯಾಗ ಒಂದು ಸಲ ಆ ಹೆಸರು ಬಿದ್ರ ಅದಕ್ಕ ಸಮಾಧಾನ ಆದೀತು ಅಂತ ಅನಿಸ್ತು. ಅದ ದಿನ, ಅದ ಕೋಣ್ಯಾಗ ಹುಟ್ಟಿದ್ದು ನಿಮ್ಮ ಕೂಸು. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.”

“ಈಗ?”

“ಅವತ್ತಿನಿಂದ ನಮ್ಮ ಮನ್ಯಾಗ ಅಳು ಇಲ್ರಿ.”

ಚಹಾ ಕೊಟ್ಟಳು. ಕುಡಿದೆ. ಬೈಯಲು ಆಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಅಳು ನಿಂತಿದೆ ಅನ್ನಲಿಲ್ಲ ಅವಳು. ನಮ್ಮ ಮನೆಯಲ್ಲಿ ಇಲ್ಲ ಅಂದಳು.

೯ ಜನವರಿ ೧೯೯೧, ಮಧ್ಯಾಹ್ನ

ಪಡಸಾಲೆಯಲ್ಲಿ ಕೂತು ಆಶಾಗೆ ಹಾಲು ಕೊಡುತ್ತಿದ್ದೆ. ಸೆರಗಿನೊಳಗಿದ್ದಳು. ಒಳಗಿನಿಂದ ಹೇಮಾ ಕೂಗಿದಳು:

“ಅವ್ವಾ, ಕೂಸು ಅಳಾಕತ್ತೈತಿ. ತೂಗಲೇನು?”

ತೊಟ್ಟಿಲ ಹಗ್ಗ ಕಿರ್ ಎಂದಿತು. ಹೇಮಾ ಹಾಡಲು ಶುರು ಮಾಡಿದಳು.

ಆಮೇಲೆ ನನಗೂ ಕೇಳಿಸಿತು.

೧೫ ಜನವರಿ

ಅತ್ತೆಗೆ ಎಲ್ಲ ಹೇಳಿದೆ. ಇವರೂ ಕೂತು ಕೇಳಿದರು. ಅತ್ತೆ ಬೈಯಬಹುದು ಅಂದುಕೊಂಡಿದ್ದೆ. ಇಲ್ಲ. ಅವರಿಗೂ ಕೇಳಿಸುತ್ತಿತ್ತಂತೆ — ನನಗೆ ಹೇಳಿರಲಿಲ್ಲ. ಬಾಣಂತಿ ಹೆದರುತ್ತಾಳೆಂದು.

“ತಂದು ಬಿಟ್ಟಾಕಿನ ಬಂದು ಒಯ್ಲಿ,” ಅಂದರು. “ಅದಕ್ಕರ ಏನ್ ತಿಳೀತೈತಿ? ಕರದ ಕಡಿಗೆ ಬರ್ತೈತಿ.”

ನಾಳೆ ಇವರು ಗೊರೇಬಾಳದಲ್ಲಿ ಹೇಳಿ ಕಳಿಸುತ್ತಾರೆ.

೧೭ ಜನವರಿ

ಗದ್ದೆಮ್ಮ ಬಂದಳು. ಅದೇ ಹಸಿರು ಸೀರೆ. ಅತ್ತೆ ಅವಳ ಕೈಗೆ ಕೆಂಪು ಕುಲಾವಿ ವಾಪಸ್ ಕೊಟ್ಟು, ಹಣೆಗೆ ಕುಂಕುಮ ಹಚ್ಚಿದರು. “ತಿರುಗಿ ನೋಡಬ್ಯಾಡವ್ವ,” ಅಂದರು.

ತೊಟ್ಟಿಲಿಗೆ ಬಗ್ಗಿ ಕರೆದಳು. “ಭದ್ರಾ, ಬಾ. ಮನಿಗೆ ಹೋಗೋಣು.”

ಕೈ ಒಡ್ಡಿದಳು. ಎತ್ತಿಕೊಂಡಳು. ಹೀಗೇ ಬರೆಯಬೇಕು, ಬೇರೆ ಹೇಗೆ ಬರೆಯಲಿ? ಅವಳ ತೋಳಿಗೆ ಭಾರ ಬಿದ್ದದ್ದು ಕಂಡಿತು. ಸೆರಗು ಹೊದಿಸಿ, ನಿಧಾನ ನಡೆಯುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಪುಷ್ಪಾ ಹೊರಳಾಡಿ ಅತ್ತಳು. “ಕೂಸಿನ್ನ ಒಯ್ದ್ಲು! ಅವ್ವಾ, ಒಯ್ಯಾಕತ್ತ್ಯಾಳ!” ಆಶಾ ನನ್ನ ಕಂಕುಳಲ್ಲೇ ಇದ್ದಳು.

ಸಂಜೆ ಇವರು ಬಂದು ಹೇಳಿದರು — ಅವಳು ಹತ್ತಿದ್ದು ಇವರದೇ ಬಸ್ಸಂತೆ. ರಶ್ ಇತ್ತು, ಜನ ನಿಂತಿದ್ದರು. ಅವಳ ಪಕ್ಕದ ಸೀಟು ಮಾತ್ರ ಖಾಲಿ. “ಯಾಕ ಯಾರೂ ಕೂಡವಲ್ರಿ ಅಂತ ಕೇಳಿದೆ. ‘ಕೂಸು ಮಲಗೈತಲ್ಲೋ, ಎಲ್ಲಿ ಕೂಡ್ಲಿ’ ಅಂದ ಒಬ್ಬ ಮುದುಕ.” ಇವರಿಗೆ ಊಟ ಸೇರಲಿಲ್ಲ.

೨೧ ಜನವರಿ

ಮನೆ ಶಾಂತ. ಇವತ್ತು ‘ಆಶಾ’ ಅಂದೆ. ತಿರುಗಿ ನೋಡಿ ನಕ್ಕಳು. ಅತ್ತೆ ದೃಷ್ಟಿ ತೆಗೆದರು. ಹುಡುಗಿಯರು ಮಾತ್ರ ತೊಟ್ಟಿಲ ಹತ್ತಿರ ಬರುವುದಿಲ್ಲ.

೩೦ ಜನವರಿ

ಇವರು ತಡವಾಗಿ ಹೇಳಿದರು. ಹೇಳಬಾರದು ಅಂದುಕೊಂಡಿದ್ದರಂತೆ.

ಗದ್ದೆಮ್ಮ ದಿನಾ ಬಸ್ಸು ಹತ್ತುತ್ತಾಳೆ. ಗೊರೇಬಾಳದಿಂದ ಮಸ್ಕಿಗೆ, ಮಸ್ಕಿಯಿಂದ ಗೊರೇಬಾಳಕ್ಕೆ. ಸೀಟಿನ ಕೆಳಗೆಲ್ಲ ಬಗ್ಗಿ ನೋಡುತ್ತಾಳೆ. ಕೇಳಿದರೆ ಹೇಳಿದಳಂತೆ:

“ಅವತ್ತ ಕಾಲುವಿ ದಾಟೋ ಮುಂದ ನಿದ್ದಿ ಹತ್ತಿತ್ರಿ. ಎಷ್ಟೋ ದಿನದ ನಿದ್ದಿ. ಬಾಜೂಕ ಮಲಗಿಸಿ ತಲಿಗೆ ತೋಳು ಕೊಟ್ಟಿದ್ದೆ, ಎಚ್ಚರಾದಾಗ ತೋಳು ಹಗುರ ಇತ್ತು. ಎಲ್ಲಿ ಇಳೀತೋ ಗೊತ್ತಿಲ್ರಿ. ಮನಿಗೆ ಬಂದಿಲ್ಲ. ನಿಮ್ಮ ಮನಿಗೇನರ ಬಂತೇನ್ರಿ?”

“ನೀವೇನಂದ್ರಿ?”

“ಇಲ್ಲ ಅಂದೆ. ಇಲ್ಲಲ್ಲ?”

ಇಲ್ಲ. ಇಲ್ಲಿಗೂ ಬಂದಿಲ್ಲ.

೪ ಫೆಬ್ರವರಿ, ಮಧ್ಯಾಹ್ನ

ಮುಂದಿನ ವಾರ ಶಾಲೆಗೆ ಹಾಜರಾಗಬೇಕು. ಹುಡುಗಿಯರು ಶಾಲೆಗೆ ಹೋಗಿದ್ದಾರೆ. ಅತ್ತೆ ರಹೀಮಾಬೀ ಮನೆಯಲ್ಲಿ.

ಐದು ದಿನದಿಂದ ಒಂದೇ ಯೋಚನೆ. ಆ ಕೂಸಿಗೆ ಹೆಸರಿದೆ. ಮನೆ ಇಲ್ಲ. ಮಸ್ಕಿಗೂ ಗೊರೇಬಾಳಕ್ಕೂ ನಡುವೆ ರಸ್ತೆಯ ಮೇಲೆ ಎಲ್ಲೋ… ಈ ಚಳಿಯಲ್ಲಿ. ಒಯ್ಯಲು ಹೇಳಿದವರು ನಾವು. ಕೂಸು ಅತ್ತರೆ ಎದೆಯಲ್ಲಿ ಹಾಲು ಇಳಿಯುತ್ತದೆ, ಯಾರ ಕೂಸೆಂದು ಎದೆ ಕೇಳುವುದಿಲ್ಲ. ಇವತ್ತು ಯಾರೂ ಅಳದೆಯೂ ಇಳಿಯಿತು. ಕುಪ್ಪಸ ಒದ್ದೆಯಾಯಿತು.

ಬಾಗಿಲಿಗೆ ಹೋಗಿ ನಿಂತೆ. ಸಿಂಧನೂರಿನ ಕಡೆಯಿಂದ ಬಸ್ಸು ಬಂದು ಹೋಯಿತು. ಧೂಳು ಕೂತಿತು.

ಕರೆದೆ. ಒಂದೇ ಸಲ, ಮೆಲ್ಲಗೆ. ಗದ್ದೆಮ್ಮ ಕರೆದ ಹಾಗಲ್ಲ. ನನ್ನ ಮಕ್ಕಳನ್ನು ಕರೆಯುವ ಹಾಗೆ ಕರೆದೆ — ಭದ್ರಲತಾ.

ಚೆನ್ನಾಗಿ ಹೊಂದುತ್ತದೆ.

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆಶಾ ನನ್ನ ಮಗ್ಗುಲಲ್ಲಿ ಚಾಪೆಯ ಮೇಲೆ ಮಲಗಿದ್ದಾಳೆ. ತೊಟ್ಟಿಲ ಹಗ್ಗ ಈಗ ತಾನೇ ಸ್ವಲ್ಪ ಕಿರ್ ಎಂದಿತು.